ಪಾತ್ರದ ಸ್ವಭಾವ ಓದುಗರಿಗೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ಕೆಲವು ಸಮಯದಿಂದ ಸಣ್ಣಕಥೆ ಬರೆಯುತ್ತಿದ್ದೇನೆ. ಪತ್ರಿಕೆಗೆ ಕಳಿಸಿದ ಕಥೆ ‘ವಸ್ತು ಚೆನ್ನಾಗಿದೆ, ಪಾತ್ರಗಳು ಎದ್ದು ನಿಲ್ಲುವುದಿಲ್ಲ’ ಎಂಬ ಟಿಪ್ಪಣಿಯೊಂದಿಗೆ ವಾಪಸು ಬಂತು. ಕಥೆ ಶುರುವಾಗುವುದು ಹೀಗೆ: ‘ಸರೋಜಮ್ಮ ಬಹಳ ಜಿಪುಣಿ. ಆದರೆ ಅವರ ಮನಸ್ಸು ಮೃದು. ಗಂಡ ತೀರಿಕೊಂಡ ಮೇಲೆ ಮೂರು ಮಕ್ಕಳನ್ನು ಕಷ್ಟಪಟ್ಟು ಸಾಕಿದ್ದರು. ಯಾರ ಮುಂದೆಯೂ ಕೈಚಾಚದ ಸ್ವಾಭಿಮಾನಿ.’ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಪಾತ್ರ ಯಾಕೆ ನಿಲ್ಲುವುದಿಲ್ಲ? ಬರೆಯಲು ಕೂರುವ ಮೊದಲು ಪಾತ್ರದ ಪೂರ್ತಿ ಜಾತಕ ಬರೆದಿಟ್ಟುಕೊಳ್ಳಬೇಕು ಅನ್ನುತ್ತಾರೆ, ಅದು ಅಗತ್ಯವೇ?

ಉತ್ತರ: ನಿಮ್ಮ ನಾಲ್ಕು ವಾಕ್ಯಗಳಲ್ಲಿ ನಾಲ್ಕು ತೀರ್ಪುಗಳಿವೆ. ಒಂದಕ್ಕೂ ಸಾಕ್ಷಿಯಿಲ್ಲ. ಓದುವವರು ತಕರಾರು ಮಾಡದೆ ಒಪ್ಪಿಕೊಳ್ಳುತ್ತಾರೆ, ಮುಂದಿನ ಪುಟಕ್ಕೆ ಬರುವಷ್ಟರಲ್ಲಿ ಮರೆಯುತ್ತಾರೆ. ನಾವು ಹೇಳಿದ್ದು ಅವರ ನೆನಪಿನಲ್ಲಿ ಉಳಿಯುವುದು ಕಡಿಮೆ, ಅವರೇ ಪತ್ತೆ ಹಚ್ಚಿದ್ದು ಉಳಿಯುತ್ತದೆ. ನಮ್ಮ ಕಾವ್ಯಮೀಮಾಂಸೆಗೆ ಇದು ಹಳೆಯ ವಿಷಯ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕಾವ್ಯಶಾಸ್ತ್ರಜ್ಞ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ರಸದೋಷಗಳ, ಅಂದರೆ ರಸವನ್ನು ಕೆಡಿಸುವ ತಪ್ಪುಗಳ, ಪಟ್ಟಿ ಕೊಡುವಾಗ ಮೊದಲಿಗೇ ಹೇಳುವುದು ಇದನ್ನು: ರಸವನ್ನು, ಭಾವವನ್ನು ಅದರ ಹೆಸರು ಹಿಡಿದು ಹೇಳಿಬಿಡುವುದು ದೋಷ. ‘ಅವಳಿಗೆ ನಾಚಿಕೆಯಾಯಿತು’ ಎಂದು ಬರೆದರೆ ಓದುವವರಿಗೆ ನಾಚಿಕೆಯ ಸುದ್ದಿ ಸಿಕ್ಕಿತೇ ಹೊರತು ನಾಚಿದವಳು ಕಾಣಲಿಲ್ಲ. ಭಾವಕ್ಕೆ ಹೇಳಿದ ಈ ಮಾತು ಸ್ವಭಾವಕ್ಕೂ ಹೊಂದುತ್ತದೆ.

ಹಾಗಾದರೆ ಏನನ್ನು ತೋರಿಸಬೇಕು? ‘ಕ್ರಿಯೆಯ ಮೂಲಕ ತೋರಿಸಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ, ಆದರೆ ಅದು ಅರ್ಧ ಸಲಹೆ. ಬಾಗಿಲು ತೆಗೆಯುವುದೂ ಕ್ರಿಯೆ, ಕಾಫಿ ಸೋಸುವುದೂ ಕ್ರಿಯೆ. ಅದರಿಂದ ಯಾರ ಸ್ವಭಾವವೂ ತಿಳಿಯುವುದಿಲ್ಲ. ಸ್ವಭಾವ ಹೊರಬೀಳುವುದು ಆಯ್ಕೆ ಮಾಡಬೇಕಾದ ಜಾಗದಲ್ಲಿ, ಅದರಲ್ಲೂ ಯಾವುದನ್ನು ಆರಿಸಿಕೊಂಡರೂ ಏನಾದರೊಂದು ಕಳೆದುಕೊಳ್ಳಬೇಕಾದಲ್ಲಿ. ದುಡ್ಡು, ಮಾನ, ಸಮಯ, ಸ್ನೇಹ, ನಿದ್ದೆ, ಏನಾದರೂ ಸರಿ. ನಷ್ಟವಿಲ್ಲದ ಒಳ್ಳೆಯತನ ಓದುವವರಿಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಮಾತು, ಉಡುಪು, ವಸ್ತು, ಬೇರೆಯವರ ಅಭಿಪ್ರಾಯ, ಒಳಗಿನ ಯೋಚನೆ ಎಲ್ಲಕ್ಕೂ ತೂಕ ಬರುವುದು ಈ ಆಯ್ಕೆಯ ಪಕ್ಕದಲ್ಲಿ ನಿಂತಾಗ.

ಇದಕ್ಕೆ ಕನ್ನಡದಲ್ಲಿ ಹತ್ತನೆಯ ಶತಮಾನದ ಮಾದರಿಯೇ ಇದೆ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕೃಷ್ಣ ಕರ್ಣನಿಗೆ ಜನ್ಮರಹಸ್ಯ ತಿಳಿಸಿ ಪಾಂಡವರ ಕಡೆಗೆ ಕರೆಯುತ್ತಾನೆ. ಕರ್ಣ ಒಪ್ಪಿದರೆ ರಾಜ್ಯ, ಒಪ್ಪದಿದ್ದರೆ ಸಾವು. ಆಗ ಅವನು ಒಂದು ಘಟನೆಯನ್ನು ನೆನೆಯುತ್ತಾನೆ. ದುರ್ಯೋಧನನ ಹೆಂಡತಿ ಭಾನುಮತಿ ಕರ್ಣನ ಜೊತೆ ನೆತ್ತವಾಡಿ (ಪಗಡೆಯಾಡಿ) ಸೋತಳು. ಪಣ ಕೊಡು ಎಂದು ಕರ್ಣ ಕಾಡುವಾಗ ಅವಳ ಹಾರ ಹರಿದು ಮುತ್ತು ಚೆಲ್ಲಿದವು. ಅದನ್ನು ಕಂಡ ದುರ್ಯೋಧನ ಯಾವ ಶಂಕೆಯೂ ಇಲ್ಲದೆ, ಮುತ್ತು ಆಯ್ದುಕೊಡಲೇ ಎಂದ. ಅಂಥವನನ್ನು ಬಿಟ್ಟು ನಿಮ್ಮ ಜೊತೆ ಸೇರಿದರೆ ನಾನು ಬೇಡನಲ್ಲವೇ (ನೀಚನಲ್ಲವೇ) ಎಂಬುದು ಕರ್ಣನ ಪ್ರಶ್ನೆ. ಪದ್ಯವನ್ನು ಸಾಮಾನ್ಯವಾಗಿ ಓದಿಕೊಂಡು ಬಂದಿರುವ ರೀತಿ ಇದು. ‘ದುರ್ಯೋಧನ ನನ್ನನ್ನು ನಂಬಿದ್ದ’ ಎಂಬ ವಾಕ್ಯ ಇಲ್ಲಿ ಬೇಕಾಗಲೇ ಇಲ್ಲ. ಹೆಂಡತಿಯ ಹರಿದ ಹಾರ ಕಂಡ ಗಂಡನಿಗೆ ಆ ಕ್ಷಣದಲ್ಲಿ ಹತ್ತು ಬಗೆಯಲ್ಲಿ ನಡೆದುಕೊಳ್ಳುವ ಅವಕಾಶವಿತ್ತು, ಅವನು ಆರಿಸಿಕೊಂಡದ್ದು ಒಂದನ್ನು. ಇನ್ನೂ ಸೂಕ್ಷ್ಮವಾದದ್ದು, ಈ ಘಟನೆ ಕಾವ್ಯದಲ್ಲಿ ಬರುವ ಜಾಗ. ಸಿಂಹಾಸನ ಕೈಗೆ ಬರುವ ಹೊತ್ತಿನಲ್ಲಿ ಕರ್ಣ ನೆನಪಿಸಿಕೊಳ್ಳುವುದು ಚೆಲ್ಲಿದ ಮುತ್ತನ್ನು. ಒಂದೇ ಪದ್ಯ ಇಬ್ಬರ ಸ್ವಭಾವವನ್ನು ತೆರೆಯುತ್ತದೆ: ನಂಬಿದವನದು ಮತ್ತು ಆ ನಂಬಿಕೆಯನ್ನು ಮರೆಯದವನದು.

ಈಗ ನಿಮ್ಮ ಸರೋಜಮ್ಮನ ಕಡೆಗೆ ಬರೋಣ. ‘ಜಿಪುಣಿ, ಆದರೆ ಮನಸ್ಸು ಮೃದು’ ಎಂಬುದಕ್ಕೆ ಬಹಳ ಜನ ಎರಡು ಘಟನೆ ಬರೆಯುತ್ತಾರೆ. ಮೊದಲು ಸೊಪ್ಪಿನವಳ ಹತ್ತಿರ ಚೌಕಾಸಿ, ಆಮೇಲೆ ಅವಳಿಗೆ ಮಜ್ಜಿಗೆ. ಆಗ ಜಿಪುಣತನವೂ ಕರುಣೆಯೂ ಪಾಳಿಯ ಮೇಲೆ ಬಂದು ಹೋದಂತೆ ಕಾಣುತ್ತದೆ. ಎರಡೂ ಒಂದೇ ಕೆಲಸದಲ್ಲಿ ಸೇರಿಕೊಂಡಿರುವ ಸಂದರ್ಭ ಹುಡುಕಿ. ಒಂದು ಸಾಧ್ಯತೆ ಹೀಗಿರಬಹುದು:

‘ಬೆಳಿಗ್ಗೆ ಆರಕ್ಕೆ ಮೋಟರಿನ ಸ್ವಿಚ್ಚು ಹಾಕಿ ಸರೋಜಮ್ಮ ಗಡಿಯಾರದ ಎದುರು ಕೂತರು. ಆರು ಇಪ್ಪತ್ತಕ್ಕೆ ಎದ್ದು ಕೈ ಚಾಚುವಷ್ಟರಲ್ಲಿ ಮೇಲಿನ ಮನೆಯ ಮಹೇಶ ಮೆಟ್ಟಿಲಿಳಿದು ಬಂದ.

“ಆಂಟಿ, ಇವತ್ತೊಂದಿನ ಇನ್ನೈದು ನಿಮಿಷ...”

“ಮನೆಯವರು ಆಸ್ಪತ್ರೆಯಿಂದ ಯಾವಾಗ ಬಂದ್ರು ರೀ?”

“ನಿನ್ನೆ ಸಂಜೆ ಕರ್ಕೊಂಡು ಬಂದ್ವಿ.”

“ಮತ್ತೆ ಐದು ನಿಮಿಷದ ನೀರಲ್ಲಿ ಏನು ತೊಳೀತೀರಿ? ಬಾಣಂತಿ ಇರೋ ಮನೇಲಿ ದಿನಕ್ಕೆ ಎಷ್ಟು ಬಟ್ಟೆ ಬೀಳತ್ತೆ ಅಂತ ನಿಂಗೇನೋ ಗೊತ್ತು. ಮುಕ್ಕಾಲರ ತನಕ ಓಡಲಿ. ಪುಸ್ತಕದಲ್ಲಿ ಬರ್ಕೋತೀನಿ.”

ಅವನು ಹೋದ ಮೇಲೆ ಕರೆಂಟಿನ ಲೆಕ್ಕದ ನೋಟುಬುಕ್ಕು ತೆಗೆದರು. ತಾರೀಖು ಹಾಕಿ, “ಮೇಲಿನ ಮನೆ, ಮೋಟರು 25 ನಿಮಿಷ ಹೆಚ್ಚು” ಎಂದು ಬರೆದರು. ರೂಪಾಯಿಯ ಕಾಲಮ್ಮಿನಲ್ಲಿ ಒಂದು ಅಡ್ಡಗೀಟು ಎಳೆದರು.’

ಇಲ್ಲಿ ‘ಜಿಪುಣಿ’ ಎಂಬ ಪದ ಇಲ್ಲ, ಆದರೆ ಗಡಿಯಾರ ಇದೆ, ನೋಟುಬುಕ್ಕು ಇದೆ. ಲೆಕ್ಕ ಬರೆಯುವುದನ್ನು ಬಿಡಲು ಅವರಿಂದ ಆಗುವುದಿಲ್ಲ. ವಸೂಲಿ ಮಾಡಲೂ ಮನಸ್ಸು ಬರುವುದಿಲ್ಲ. ಆ ಅಡ್ಡಗೀಟಿನಲ್ಲಿ ಎರಡೂ ಸೇರಿವೆ. ಮೂರು ಮಕ್ಕಳನ್ನು ಸಾಕಿದ ವಿಷಯವನ್ನೂ ಹೇಳಿಲ್ಲ, ಆದರೆ ಬಟ್ಟೆ ಎಷ್ಟು ಬೀಳುತ್ತದೆ ಎಂಬುದನ್ನು ಬಲ್ಲವರ ದನಿ ಕೇಳಿಸುತ್ತದೆ. ಸ್ವಾಭಿಮಾನ ಈ ದೃಶ್ಯದಲ್ಲಿ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಅದಕ್ಕೆ ಬೇರೆ ಯಾರೋ ಅವರಿಗೆ ಏನನ್ನೋ ಕೊಡಲು ಬರುವ ದೃಶ್ಯ ಬೇಕು. ಒಂದು ದೃಶ್ಯಕ್ಕೆ ಎರಡು ಗುಣ ಸಾಕು. ಮೂರನೆಯದನ್ನು ತುರುಕಿದರೆ ದೃಶ್ಯ ಉದಾಹರಣೆಯ ಹಾಗೆ ಓದಿಸಿಕೊಳ್ಳುತ್ತದೆ.

ಇಂಥ ದೃಶ್ಯವನ್ನು ಕೆಡಿಸುವುದು ಅದರ ಕೊನೆಗೆ ಸೇರಿಸುವ ಒಂದು ವಾಕ್ಯ. ‘ಹೊರಗೆ ಗಡುಸಾಗಿ ಕಂಡರೂ ಸರೋಜಮ್ಮನ ಒಳಗೆ ಒಬ್ಬ ತಾಯಿ ಇದ್ದಳು.’ ಅಡ್ಡಗೀಟು ಎಳೆದ ಮೇಲೆ ಈ ವಾಕ್ಯ ಬರೆಯುವ ಆಸೆ ಬಹಳ ಬಲವಾಗಿರುತ್ತದೆ, ಯಾಕೆಂದರೆ ಓದುವವರಿಗೆ ಅರ್ಥವಾಗದೆ ಹೋದರೆ ಎಂಬ ಭಯ. ಬರೆದರೆ ಅವರು ಪತ್ತೆ ಹಚ್ಚಿದ್ದನ್ನು ಕಿತ್ತುಕೊಂಡ ಹಾಗಾಗುತ್ತದೆ. ಕರಡು ಮುಗಿದ ಮೇಲೆ ಪ್ರತಿ ದೃಶ್ಯದ ಕೊನೆಯ ವಾಕ್ಯವನ್ನು ಬೆರಳಿನಿಂದ ಮುಚ್ಚಿ ಓದಿ. ಏನೂ ಕಡಿಮೆಯಾಗದಿದ್ದರೆ ಅಳಿಸಿ. ಹಾಗೆಯೇ ‘ಎಂದಳು’, ‘ಎಂದ’ಗಳ ಹಿಂದೆಮುಂದೆ ಕೂತಿರುವ ‘-ಆಗಿ’, ‘-ಇಂದ’ಗಳಿಗೆ ಸುತ್ತು ಹಾಕಿ: ವ್ಯಂಗ್ಯವಾಗಿ, ಕೋಪದಿಂದ, ಅಕ್ಕರೆಯಿಂದ. ಮಾತಿನಲ್ಲೇ ಕೋಪವಿದ್ದರೆ ಆ ಪದ ಬೇಡ. ಮಾತಿನಲ್ಲಿ ಕೋಪವಿಲ್ಲದಿದ್ದರೆ ತಿದ್ದಬೇಕಾದದ್ದು ಮಾತನ್ನು.

ಆ ದೃಶ್ಯದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿ. ಸರೋಜಮ್ಮ ‘ಬಂದ್ರು ರೀ’, ‘ತೊಳೀತೀರಿ’ ಎಂದು ಬಹುವಚನದಲ್ಲಿ ಶುರುಮಾಡಿ ‘ನಿಂಗೇನೋ ಗೊತ್ತು’ ಎಂಬಲ್ಲಿ ಏಕವಚನಕ್ಕೆ ಇಳಿಯುತ್ತಾರೆ. ಅಷ್ಟರಲ್ಲಿ ಬಾಡಿಗೆದಾರ ಮಗನ ವಯಸ್ಸಿನ ಹುಡುಗನಾದ. ಕನ್ನಡದಲ್ಲಿ ಬರೆಯುವವರಿಗೆ ಇರುವ ದೊಡ್ಡ ಬಲ ಇದು, ಹೆಚ್ಚಿನವರು ಬಳಸದೆ ಬಿಡುವುದೂ ಇದನ್ನೇ. ‘ಬಾ’ ಎಂಬ ಒಂದು ಕ್ರಿಯಾಪದಕ್ಕೆ ಬಾರೋ, ಬಾರೇ, ಬಾರಯ್ಯ, ಬಾರಪ್ಪ, ಬಾರವ್ವ, ಬನ್ನಿ, ಬರ್ರಿ, ಬರಬೇಕು ಬರಬೇಕು ಎಂದು ಎಷ್ಟು ರೂಪ! ಒಂದೊಂದೂ ಮಾತಾಡುವವರ ಮತ್ತು ಕೇಳಿಸಿಕೊಳ್ಳುವವರ ನಡುವಿನ ದೂರವನ್ನು, ವಯಸ್ಸನ್ನು, ಸಲುಗೆಯನ್ನು, ಊರನ್ನು ಹೇಳಿಬಿಡುತ್ತದೆ.

ಇದನ್ನು ಬಳಸಲು ಒಂದು ಹಾಳೆ ಇಟ್ಟುಕೊಳ್ಳಿ. ಎಡಕ್ಕೆ ಪಾತ್ರಗಳ ಹೆಸರು, ಪಕ್ಕದಲ್ಲಿ ಮುಖ್ಯ ಪಾತ್ರ ಅವರನ್ನು ಏನೆಂದು ಕರೆಯುತ್ತದೆ, ಅವರು ತಿರುಗಿ ಏನೆಂದು ಕರೆಯುತ್ತಾರೆ. ಮೂರನೆಯ ಕಾಲಮ್ಮಿನಲ್ಲಿ ಈ ರೂಢಿ ಮುರಿಯುವ ಸಂದರ್ಭ. ವಯಸ್ಸಾದ ಅಟೆಂಡರನ್ನು ‘ಏನಪ್ಪಾ, ಬಾ ಇಲ್ಲಿ’ ಎನ್ನುವ ಎಳೆಯ ಅಧಿಕಾರಿ, ಅದೇ ಅಟೆಂಡರನ ಮಗ ಕಾಲೇಜು ಮೇಷ್ಟ್ರು ಎಂದು ಗೊತ್ತಾದ ಮರುಗಳಿಗೆಯಲ್ಲಿ ‘ಕೂತ್ಕೊಳ್ಳಿ’ ಎಂದರೆ ಅವನ ಬಗ್ಗೆ ಇನ್ನೇನೂ ವಿವರಿಸಬೇಕಾಗಿಲ್ಲ. ಇಪ್ಪತ್ತು ವರ್ಷ ಗಂಡನನ್ನು ‘ರೀ’ ಎಂದೇ ಕರೆದವಳು ಒಂದು ಸಲ ‘ನೀನು’ ಎಂದರೆ ಕಥೆಯೇ ತಿರುಗುತ್ತದೆ. ಆದರೆ ಮುರಿಯುವುದು ಒಂದು ಸಲ ಮಾತ್ರ ಇರಲಿ, ಎರಡನೆಯ ಸಲಕ್ಕೆ ಅದೂ ರೂಢಿಯಾಗುತ್ತದೆ. ಕರೆಯದೆ ಇರುವುದಕ್ಕೂ ಶಕ್ತಿ ಇದೆ. ಜಗಳವಾದ ಮನೆಯಲ್ಲಿ ಗಂಡ ಎದುರಿಗೇ ಕೂತಿದ್ದರೂ ಹೆಂಡತಿ ಮಗುವಿಗೆ ‘ಊಟಕ್ಕೆ ಬರ್ತಾರಂತಾ ಕೇಳು’ ಅನ್ನುತ್ತಾಳಲ್ಲ, ಆ ಒಂದು ಸಾಲಿನಲ್ಲಿ ಕೋಪ, ಮರ್ಯಾದೆ, ಅಡುಗೆ ಮಾಡಿಟ್ಟಿರುವ ಕಾಳಜಿ ಮೂರೂ ಇವೆ.

ನಿರೂಪಣೆಗೂ ಇದೇ ಅನ್ವಯ. ‘ರಾಯರು ಬಂದರು, ಕೆಲಸದವಳು ಬಂದಳು’ ಎಂದು ಬರೆದಾಗ ನೀವು ಯಾರ ಕಡೆ ನಿಂತು ನೋಡುತ್ತಿದ್ದೀರಿ ಎಂಬುದು ಬಯಲಾಗುತ್ತದೆ. ಅದೇ ಕಥೆಯನ್ನು ಕೆಲಸದವಳ ಮಗಳ ಕಣ್ಣಿನಿಂದ ಹೇಳುವುದಾದರೆ ‘ಅವ್ವ’ನ ಹೆಸರು ಹೇಗೆ ಬರಬೇಕು, ರಾಯರ ಕ್ರಿಯಾಪದ ಎಲ್ಲಿ ಮುಗಿಯಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ. ಸರೋಜಮ್ಮನಿಗೆ ನೀವು ಬಹುವಚನ ಕೊಟ್ಟಿದ್ದೀರಿ, ಅಂದರೆ ಹೊರಗಿನವರು ನೋಡಿದ ಹಾಗೆ. ಮಗಳು ಹೇಳುವ ಕಥೆಯಾಗಿದ್ದರೆ ಬೇರೆಯೇ ಆಗುತ್ತಿತ್ತು.

ಆಡುಮಾತಿನ ಬಗ್ಗೆ ಎರಡು ಎಚ್ಚರಿಕೆ. ಧಾರವಾಡದ ಕಡೆಯ ‘ಮಾಡ್ಲಿಕ್ಕತ್ತೀನಿ’ಗೂ ‘ಮಾಡಾಕತ್ತೀನಿ’ಗೂ ನಡುವೆ ಊರಿನ ಅಂತರ ಇಲ್ಲದಿರಬಹುದು, ಜಾತಿಯದ್ದು, ಓಣಿಯದ್ದು ಇರುತ್ತದೆ. ಕಿವಿಯಲ್ಲಿ ಕೇಳಿಲ್ಲದ ಭಾಷೆಯನ್ನು ಅಂದಾಜಿನ ಮೇಲೆ ಬರೆದರೆ ಆ ಊರಿನ ಓದುಗರು ಮೊದಲ ಸಾಲಿಗೇ ನಂಬಿಕೆ ಕಳೆದುಕೊಳ್ಳುತ್ತಾರೆ. ಪ್ರತಿ ಪದವನ್ನೂ ಉಚ್ಚಾರಣೆಯ ಹಾಗೆ ಬರೆಯುವ ಅಗತ್ಯವೂ ಇಲ್ಲ. ಕ್ರಿಯಾಪದದ ಕೊನೆ ಮತ್ತು ಆ ಊರಿನದೇ ಆದ ಎರಡು ಮೂರು ಪದ ಸರಿಯಾಗಿದ್ದರೆ ಉಳಿದದ್ದನ್ನು ಓದುವವರ ಕಿವಿ ತುಂಬಿಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆ ಗಂಭೀರವಾದದ್ದು. ನಾಯಕಿ ಗ್ರಂಥಸ್ಥ ಕನ್ನಡ ಮಾತಾಡಿ, ಆಳುಕಾಳುಗಳಿಗೆ ಮಾತ್ರ ಆಡುಮಾತು ಕೊಟ್ಟರೆ, ಆ ಭಾಷೆ ಅವರ ಸ್ವಭಾವ ತೋರಿಸದೆ ಅವರನ್ನು ನಗೆಗೆ ಗುರಿಮಾಡುತ್ತದೆ. ಕೊಡುವುದಾದರೆ ಎಲ್ಲರಿಗೂ ಅವರವರ ಮಾತು ಕೊಡಿ. ಆಮೇಲೆ ಹೆಸರುಗಳನ್ನು ಮುಚ್ಚಿ ಸಂಭಾಷಣೆ ಓದಿ. ಹತ್ತು ಮಾತಿನಲ್ಲಿ ಏಳಾದರೂ ಯಾರದೆಂದು ಗೊತ್ತಾಗಬೇಕು.

ಬೇರೆಯವರ ಬಾಯಲ್ಲಿ ಪಾತ್ರವನ್ನು ಕಟ್ಟುವುದು ಇನ್ನೊಂದು ದಾರಿ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ನಾರಣಪ್ಪ ಶುರುವಿನಲ್ಲೇ ಸತ್ತಿರುತ್ತಾನೆ. ಅಗ್ರಹಾರದವರು ಅವನ ಬಗ್ಗೆ ಆಡುವ ದೂರು, ನೆನಪು, ಭಯಗಳಲ್ಲಿ ಅವನು ಬದುಕಿರುವವರಿಗಿಂತ ಹೆಚ್ಚು ಜೀವಂತವಾಗುತ್ತಾನೆ. ಆದರೆ ಆ ಮಾತುಗಳು ಹೆಚ್ಚಾಗಿ ಬಯಲು ಮಾಡುವುದು ಆಡಿದವರನ್ನು. ಶವಸಂಸ್ಕಾರಕ್ಕೆ ಹಿಂದೇಟು ಹಾಕುತ್ತಿದ್ದವರ ಮುಂದೆ ಚಂದ್ರಿ ತನ್ನ ಒಡವೆ ಬಿಚ್ಚಿಟ್ಟ ಮೇಲೆ ಧರ್ಮದ ಚರ್ಚೆಯ ಒಳಗೆ ಆಸೆ ನುಸುಳುತ್ತದೆ. ಮತ್ತೆ ಅದೇ ಸೂತ್ರ: ನಷ್ಟ, ಲಾಭ, ಆಯ್ಕೆ. ನಿಮ್ಮ ಕಥೆಯಲ್ಲಿ ಪಕ್ಕದ ಮನೆಯವರು ಸರೋಜಮ್ಮನನ್ನು ಜಿಪುಣಿ ಎನ್ನಬಹುದು, ಧಾರಾಳವಾಗಿ ಅನ್ನಲಿ. ಆದರೆ ಹಾಗೆ ಅನ್ನುವವರಿಗೆ ಅವರ ಮೇಲೆ ಏನೋ ಒಂದು ಸಿಟ್ಟೋ ಋಣವೋ ಇರಲಿ. ಆಗ ಓದುವವರು ಆ ಮಾತನ್ನು ನಂಬಬೇಕೋ ಬೇಡವೋ ಎಂದು ತೂಗಿ ನೋಡುತ್ತಾರೆ, ಹಾಗೆ ತೂಗುವಾಗಲೇ ಪಾತ್ರ ಬೆಳೆಯುತ್ತದೆ.

ಹೇಳುವವನ ಅಭಿಪ್ರಾಯವೇ ತಪ್ಪಾಗಿದ್ದರೆ ಪರಿಣಾಮ ಇನ್ನೂ ಹೆಚ್ಚು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಮಂದಣ್ಣ ಮೊದಲಿಗೆ ನಿರೂಪಕನ ಕಣ್ಣಿಗೆ ಸಾಮಾನ್ಯ ಹಳ್ಳಿ ಹುಡುಗ. ವಿಜ್ಞಾನಿ ಕರ್ವಾಲೊ ಅವನನ್ನು ಅಷ್ಟೇಕೆ ಹಚ್ಚಿಕೊಂಡಿದ್ದಾರೆ ಎಂದು ನಿರೂಪಕನಿಗೇ ಅಚ್ಚರಿ. ಮಂದಣ್ಣನಿಗೆ ಕಾಡನ್ನು ನೋಡುವ ಅಪರೂಪದ ಕಣ್ಣಿದೆ ಎಂಬುದು ನಿಧಾನವಾಗಿ ತಿಳಿಯುತ್ತದೆ. ಮೊದಲ ಅಂದಾಜು ತಪ್ಪಿದ್ದು ಓದುವವರದೂ ಹೌದು, ಆದ್ದರಿಂದ ತಿದ್ದಿಕೊಂಡದ್ದು ಮನಸ್ಸಿನಲ್ಲಿ ಕೂರುತ್ತದೆ.

ಒಳಗಿನ ಯೋಚನೆಯನ್ನು ಬರೆಯುವಾಗ ‘ಎಂದುಕೊಂಡಳು’, ‘ಎಂದು ಯೋಚಿಸಿದಳು’ಗಳನ್ನು ಬಿಟ್ಟು ನೋಡಿ. ‘ಐದು ನಿಮಿಷವಂತೆ. ಐದು ನಿಮಿಷಕ್ಕೆ ಎರಡು ಬಕೆಟ್ಟೂ ತುಂಬಲ್ಲ.’ ನಿರೂಪಣೆಯ ನಡುವೆ ಹೀಗೆ ಪಾತ್ರದ ದನಿ ಬಂದು ಹೋಗುವುದು ಕನ್ನಡಕ್ಕೆ ಸಹಜ. ಒಂದು ದೃಶ್ಯದಲ್ಲಿ ಒಬ್ಬರ ತಲೆಯೊಳಗೆ ಮಾತ್ರ ಇರಿ. ಸರೋಜಮ್ಮನ ಮನಸ್ಸನ್ನೂ ಮಹೇಶನ ಮನಸ್ಸನ್ನೂ ಒಂದೇ ಪ್ಯಾರಾದಲ್ಲಿ ತೆರೆದರೆ ಊಹಿಸಲು ಏನೂ ಉಳಿಯುವುದಿಲ್ಲ. ಪಾತ್ರ ತನ್ನ ಬಗ್ಗೆ ತಾನೇ ಪೂರ್ತಿ ಸರಿಯಾಗಿ ಯೋಚಿಸುವುದೂ ಅಪಾಯ: ಜಿಪುಣಿಗೆ ತಾನು ಜಿಪುಣಿ ಅನ್ನಿಸುವುದಿಲ್ಲ, ಉಳಿದವರು ದುಂದುಗಾರರು ಅನ್ನಿಸುತ್ತದೆ. ಕೆಟ್ಟ ಪಾತ್ರಗಳು ಬೊಂಬೆಗಳಾಗುವುದೂ ಇದೇ ಕಾರಣಕ್ಕೆ. ಅವರಿಗೆ ತಾವು ಮಾಡುತ್ತಿರುವುದು ನ್ಯಾಯವೆನ್ನಿಸುವಂಥ ಒಂದು ಕಾರಣವನ್ನಾದರೂ ಕೊಡಿ.

ಉಡುಪು, ರೂಪ, ಚರ್ಯೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಹೊಸಬರು ಇವುಗಳಿಗೆ ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಜಾಗ ಕೊಡುತ್ತಾರೆ. ಮಾತಿಗೊಮ್ಮೆ ಮೂಗುತಿ ತಿರುಗಿಸುವುದು, ಕನ್ನಡಕ ಒರೆಸುವುದು ಗುರುತಿನ ಚೀಟಿಯಾಗುತ್ತದೆ, ಸ್ವಭಾವವಾಗುವುದಿಲ್ಲ. ಅದರ ಬದಲು ಒಂದು ವಸ್ತುವನ್ನು ಹಿಡಿದು ಮೂರು ಸಲ ಬಳಸಿ. ನೋಟುಬುಕ್ಕು ಮೊದಲ ಸಲ ಬರೀ ಅಭ್ಯಾಸವಾಗಿ ಬರಲಿ, ಎರಡನೆಯ ಸಲ ಅಡ್ಡಗೀಟಿನೊಂದಿಗೆ ಬರಲಿ, ಮೂರನೆಯ ಸಲ ಬೇರೆ ಯಾರದೋ ಕೈಗೆ ಸಿಗಲಿ.

ಎಷ್ಟು ಪಾತ್ರ ಎಂಬ ಪ್ರಶ್ನೆಯೂ ನಿಮ್ಮ ಕಥೆಗೆ ಸಂಬಂಧಿಸಿದ್ದೇ. ಎರಡೂವರೆ ಸಾವಿರ ಪದಗಳ ಕಥೆ ಒಬ್ಬರನ್ನು ಪೂರ್ತಿಯಾಗಿ, ಇಬ್ಬರನ್ನು ಅರ್ಧದಷ್ಟು ಹೊರಬಲ್ಲದು. ಉಳಿದವರು ಒಂದೇ ಗುಣದವರಾಗಿದ್ದರೆ ತಪ್ಪಿಲ್ಲ. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್‌ಸ್ಟರ್ 1927ರಲ್ಲಿ ಪಾತ್ರಗಳನ್ನು ಚಪ್ಪಟೆ (ಒಂದೇ ಗುಣದವು), ದುಂಡು (ಹಲವು ಗುಣದವು) ಎಂದು ವಿಂಗಡಿಸಿದಾಗಲೂ ಚಪ್ಪಟೆ ಪಾತ್ರಗಳು ಬೇಡವೆನ್ನಲಿಲ್ಲ. ದುಂಡು ಪಾತ್ರಕ್ಕೆ ಅವರಿಟ್ಟ ಪರೀಕ್ಷೆ ಈಗಲೂ ಉಪಯುಕ್ತ: ಅದು ನಂಬುವಂಥ ರೀತಿಯಲ್ಲಿ ನಮ್ಮನ್ನು ಅಚ್ಚರಿಗೊಳಿಸಬಲ್ಲದೇ? ಮೊದಲ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಹೆಸರು ತರಬೇಡಿ. ಗಂಡ ತೀರಿಕೊಂಡದ್ದು, ಮಕ್ಕಳನ್ನು ಸಾಕಿದ್ದು ಎಲ್ಲವನ್ನೂ ಓದುವವರು ‘ಯಾಕೆ ಹೀಗೆ ಈಕೆ?’ ಎಂದು ಕೇಳಿಕೊಂಡ ಮೇಲೆ ಹೇಳಿ, ಸಾಮಾನ್ಯವಾಗಿ ಕಥೆಯ ಮೂರನೆಯ ಒಂದು ಭಾಗ ದಾಟಿದ ನಂತರ. ಪ್ರಶ್ನೆ ಹುಟ್ಟುವ ಮೊದಲೇ ಕೊಟ್ಟ ಉತ್ತರ ಯಾರಿಗೂ ಬೇಡ.

ನೇರವಾಗಿ ಹೇಳಲೇಬಾರದು ಎಂದೇನೂ ಇಲ್ಲ. ಕಾಲ ದಾಟಿಸಲು, ಸಣ್ಣ ಪಾತ್ರವನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲು ಹೇಳುವುದೇ ಸರಿ. ‘ಶಾನುಭೋಗರ ಮಗ ಸೋಮಾರಿ’ ಎಂದು ಬರೆದು ಮುಂದೆ ಹೋಗಬಹುದು, ಅವನಿಗೆ ಕಥೆಯಲ್ಲಿ ಇನ್ನೇನೂ ಕೆಲಸವಿಲ್ಲದಿದ್ದರೆ. ಕಥೆ ಯಾವ ಗುಣದ ಮೇಲೆ ನಿಂತಿದೆಯೋ ಅದನ್ನು ಮಾತ್ರ ಹೇಳಿ ಮುಗಿಸಬೇಡಿ.

ಇನ್ನು ಜಾತಕ. ಹುಟ್ಟಿದ ಊರು, ಇಷ್ಟದ ಬಣ್ಣ, ಓದಿದ ಶಾಲೆ ಎಂದು ಐದು ಪುಟ ತುಂಬಿಸಿದರೆ ಅದಷ್ಟನ್ನೂ ಕಥೆಗೆ ತರುವ ಆಸೆ ಹುಟ್ಟುತ್ತದೆ, ಕಥೆ ಕೆಡುತ್ತದೆ. ಅದರ ಬದಲು ಐದು ಪ್ರಶ್ನೆಗೆ ಒಂದೊಂದು ಸಾಲಿನ ಉತ್ತರ ಬರೆದಿಟ್ಟುಕೊಳ್ಳಿ. ಈಗ ಈ ವ್ಯಕ್ತಿಗೆ ಏನು ಬೇಕು? ಯಾರಿಗೂ ತಿಳಿಯಬಾರದೆಂದು ಏನನ್ನು ಮುಚ್ಚಿಡುತ್ತಾರೆ? ಯಾವುದಕ್ಕೆ ದುಡ್ಡು ಖರ್ಚು ಮಾಡುತ್ತಾರೆ, ಯಾವುದಕ್ಕೆ ಮಾಡುವುದಿಲ್ಲ? ಯಾರ ಮುಂದೆ ದನಿ ಬದಲಾಗುತ್ತದೆ? ತಮ್ಮ ಬಗ್ಗೆ ತಾವು ನಂಬಿರುವ ಸುಳ್ಳು ಯಾವುದು? ಈ ಐದರಲ್ಲಿ ಮೂರಕ್ಕೆ ಉತ್ತರ ಗೊತ್ತಿದ್ದರೂ ಬರೆಯಲು ಕೂರಬಹುದು, ಉಳಿದವು ಕರಡಿನಲ್ಲಿ ಸಿಗುತ್ತವೆ.

ತಿದ್ದಿದ ಮೇಲೆ ಕಥೆಯನ್ನು ಇಬ್ಬರಿಗೆ ಓದಲು ಕೊಡಿ. ‘ಪಾತ್ರ ಹೇಗಿದೆ?’ ಎಂದು ಕೇಳಬೇಡಿ, ಚೆನ್ನಾಗಿದೆ ಎಂದುಬಿಡುತ್ತಾರೆ. ಕಥೆಯಲ್ಲಿ ಇಲ್ಲದ ಒಂದು ಸಂದರ್ಭ ಕೇಳಿ: ಮಹೇಶ ಮನೆ ಖಾಲಿ ಮಾಡುವಾಗ ಸರೋಜಮ್ಮ ಅಡ್ವಾನ್ಸಿನಲ್ಲಿ ಸುಣ್ಣಬಣ್ಣದ ದುಡ್ಡು ಹಿಡಿದುಕೊಳ್ಳುತ್ತಾರಾ? ಇಬ್ಬರೂ ತಡವರಿಸದೆ ಉತ್ತರಿಸಿದರೆ ಪಾತ್ರ ನಿಂತಿದೆ. ಒಬ್ಬರು ಹೌದು, ಒಬ್ಬರು ಇಲ್ಲ ಎಂದು, ಇಬ್ಬರೂ ಕಥೆಯ ಯಾವುದೋ ಸಾಲನ್ನು ತೋರಿಸಿ ವಾದಿಸಿದರೆ ಇನ್ನೂ ಒಳ್ಳೆಯದು. ‘ಗೊತ್ತಿಲ್ಲಪ್ಪ’ ಎಂದರೆ ಸರೋಜಮ್ಮ ಇನ್ನೂ ಯಾವ ಪುಟದಲ್ಲೂ ಏನನ್ನೂ ಆರಿಸಿಕೊಂಡಿಲ್ಲ ಎಂದು ಅರ್ಥ, ಅವರಿಗೆ ಅಂಥದೊಂದು ದೃಶ್ಯ ಬರೆಯಿರಿ.